ಮೂವತ್ತೇಳು ಮುತ್ತು

ಕನ್ನಡ ಪಾಠ ಹೇಳುವವನಿಗೆ ಬೇರೆ ಐಶ್ವರ್ಯ ಇಲ್ಲದಿದ್ದರೂ ಮುತ್ತಿಗೆ ಮಾತ್ರ ಬರವಿಲ್ಲ. ನಾಯಿಕೆಯ ಹಲ್ಲು ಮುತ್ತು, ಅವಳ ಹಣೆಯ ಬೆವರು ಮುತ್ತು, ವಿರಹದಲ್ಲಿ ಸುರಿಯುವ ಕಣ್ಣೀರು ಮುತ್ತು, ತಾವರೆಯೆಲೆಯ ಮೇಲೆ ಹೊರಳುವ ನೀರಹನಿ ಮುತ್ತು, ಸಜ್ಜನರ ಮಾತು ಮುತ್ತು. ಕಡೆಗೆ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ವಿಷಯವೇನೂ ಇಲ್ಲದೆ ಬರಿಯ ಬರವಣಿಗೆ ದುಂಡಗಿದ್ದರೆ ಆ ಅಕ್ಷರವೂ ಮುತ್ತೇ. ಇಷ್ಟೊಂದು ಮುತ್ತುಗಳನ್ನು ಇಪ್ಪತ್ತು ವರ್ಷಗಳಿಂದ ತರಗತಿಗಳಲ್ಲಿ ಹಂಚುತ್ತ ಬಂದ ನಾನು, ನಿಜವಾದ ಒಂದು ಮುತ್ತನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದ್ದು ನಲವತ್ತು ದಾಟಿದ ಮೇಲೆ. ಅದೂ ಸಂತೋಷದ ಸಂದರ್ಭದಲ್ಲಿ ಅಲ್ಲ, ಪಾಲಿನ ಮಾತು ನಡೆಯುತ್ತಿದ್ದಾಗ.

ನನ್ನ ಮಾವನವರ ಮನೆ ವಿಟ್ಲ ಪೇಟೆಯಿಂದ ಐದಾರು ಕಿಲೋಮೀಟರ್ ಒಳಗೆ. ಗುಡ್ಡದ ಬುಡದಲ್ಲಿ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಮುಂದೆ ಅಡಕೆ ಒಣಗಿಸುವ ಅಂಗಳ. ಬಂಟ್ವಾಳ ತಾಲೂಕಿನ ಈ ಮೂಲೆಯನ್ನು ಹೊರಗಿನವರು ಪಂಚಲಿಂಗೇಶ್ವರ ದೇವಸ್ಥಾನದಿಂದಲೋ, ಡೊಂಬ ಹೆಗ್ಗಡೆ ಅರಸರ ಹೆಸರಿನಿಂದಲೋ, ಅಡಕೆಯ ಸಂಶೋಧನಾ ಕೇಂದ್ರದಿಂದಲೋ ಬಲ್ಲರು. ಸಮುದ್ರಕ್ಕೂ ಇಲ್ಲಿಗೂ ನೇರ ಸಂಬಂಧವಿಲ್ಲ. ಮಂಗಳೂರಿಗೆ ಹೋಗಬೇಕಾದರೆ ನಲವತ್ತು ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. ಆದರೆ ಬೆಲೆಕಟ್ಟುವ ವಿದ್ಯೆಯನ್ನು ಇಲ್ಲಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಚಾಲಿ, ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು ಎಂದು ಒಂದೇ ಮರದ ಕಾಯನ್ನು ಬೇರೆ ಬೇರೆ ರಾಶಿ ಮಾಡಿ ಬೇರೆ ಬೇರೆ ಬೆಲೆ ಹೇಳುವ ಜನ ಇವರು. ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವನವರು, ಅಡಕೆಯನ್ನು ಒಂದು ಹಿಡಿ ತೆಗೆದು ಕೈಯಲ್ಲಿ ಕುಲುಕಿದರೆ ಸಾಕು, ಅದರ ಜಾತಕ ಹೇಳಿಯಾರು. ಸಂಶಯ ಬಂದರೆ ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಒಳಗೆ ನೋಡುತ್ತಾರೆ. ಒಳಗೆ ನೋಡಿದ ಮೇಲೆ ತಕರಾರಿಲ್ಲ.

ಅತ್ತೆಯವರು ತೀರಿಕೊಂಡು ವರ್ಷಾಂತ ಕಳೆದ ಮೇಲೆ ಅವರ ಹಿತ್ತಾಳೆಯ ಕರಡಿಗೆಯನ್ನು ತೆರೆದರು. ಮಾವನವರು ಎಷ್ಟೋ ವರ್ಷ ಮೊದಲೇ ಹೋಗಿದ್ದರು. ಮಕ್ಕಳು ಮೂವರು: ಭಾವನವರು, ನನ್ನ ಹೆಂಡತಿ, ಮತ್ತು ಕಿರಿಯವಳಾದ ನನ್ನ ನಾದಿನಿ. ನಾದಿನಿ ಮದುವೆಯಾಗಲಿಲ್ಲ. ತಾಯಿ ಹಾಸಿಗೆ ಹಿಡಿದ ಹನ್ನೊಂದು ವರ್ಷ ಹತ್ತಿರವೇ ಇದ್ದು ನೋಡಿಕೊಂಡವಳು ಅವಳೇ. ತಾಯಿಯ ಸ್ವಂತ ಸೊತ್ತಿನಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಕಾಯಿದೆ ಹೇಳಿದ್ದನ್ನು ಇಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಚಿನ್ನದ ಮಟ್ಟಿಗೆ ಏನೂ ತೊಂದರೆಯಿರಲಿಲ್ಲ, ತೂಗಿದರೆ ಆಯಿತು. ತೊಂದರೆ ಬಂದದ್ದು ಮುತ್ತಿನಲ್ಲಿ.

ಕರಡಿಗೆಯಲ್ಲಿ ಇದ್ದ ಮುತ್ತುಗಳೆಂದರೆ: ಮಾವನವರ ತಂದೆಯ ಕಿವಿಯಲ್ಲಿದ್ದ ಒಂದು ಜೊತೆ ಒಂಟಿ, ಯಾರೂ ಈಗ ಹಾಕದ ಒಂದು ದೊಡ್ಡ ನತ್ತು, ಮತ್ತು ೩೭ ಮುತ್ತುಗಳ ಒಂದೆಳೆ ಸರ. ನಡುವೆ ಕಡಲೆಯಷ್ಟು ದಪ್ಪದವು, ಎರಡು ಕಡೆಗೂ ಇಳಿಯುತ್ತ ಹೋಗಿ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡವು. ಬಣ್ಣ ಬಿಳುಪೆನ್ನುವ ಹಾಗಿಲ್ಲ. ಕಾಯಿಸಿದ ಹಾಲಿನ ಕೆನೆಯ ಬಣ್ಣ. ನಾಲ್ಕನೆಯದೊಂದು ಇತ್ತು, ಆದರೆ ಅದು ಕರಡಿಗೆಯಲ್ಲಿ ಇರಲಿಲ್ಲ. ಅದರ ವಿಚಾರ ಮುಂದೆ ಹೇಳುತ್ತೇನೆ.

ಈ ಸರ ಎಲ್ಲಿಂದ ಬಂತು ಎಂದು ಕೇಳಿದರೆ ಮನೆಯಲ್ಲಿ ಎರಡು ಉತ್ತರಗಳಿದ್ದವು. ಒಂದು, ಅರಮನೆಯಿಂದ ಬಂದದ್ದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೂಲ ತಿಳಿಯದ ಬೆಲೆಬಾಳುವ ವಸ್ತು ಯಾವುದಿದ್ದರೂ ಅದು ಅರಮನೆಯಿಂದ ಬಂದದ್ದಾಗಿಯೇ ಇರಬೇಕು. ಅರಮನೆಗಳು ಇಷ್ಟೆಲ್ಲ ಕೊಟ್ಟಿದ್ದರೆ ಅವಕ್ಕೆ ಉಳಿದದ್ದೇನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಎರಡನೆಯ ಉತ್ತರ, ಅಡಕೆ ವ್ಯಾಪಾರದ ಸಂಬಂಧ ಮುಂಬಯಿಗೆ ಹೋದ ಹಿರಿಯರೊಬ್ಬರು ತಂದದ್ದು. ಇದು ನಂಬತಕ್ಕ ಮಾತು. ಪರ್ಷಿಯನ್ ಕೊಲ್ಲಿಯ ಮುತ್ತಿಗೆಲ್ಲ ಆ ಕಾಲದಲ್ಲಿ ಮುಂಬಯಿಯೇ ದೊಡ್ಡ ಮಾರುಕಟ್ಟೆ. ಬಹ್ರೈನಿನ ಸುತ್ತಲಿನ ಚಿಪ್ಪಿನ ಹಾಸುಗಳಲ್ಲಿ ಮುಳುಗುಗಾರರು ತೆಗೆದದ್ದು ಮುಂಬಯಿಗೆ ಬಂದು, ಅಲ್ಲಿ ತೂತು ಕೊರೆಸಿಕೊಂಡು, ಜೊತೆ ಕೂಡಿಸಿಕೊಂಡು, ಪೋಣಿಸಿಕೊಂಡು ಪ್ಯಾರಿಸ್ಸಿಗೂ ಹೋಗುತ್ತಿತ್ತು, ನಮ್ಮ ಊರಿನ ನತ್ತಿಗೂ ಬರುತ್ತಿತ್ತು. ಬಸ್ರಾ ಎಂಬುದು ಆ ಕೊಲ್ಲಿಯ ತುದಿಯ ರೇವಿನ ಹೆಸರಾದರೂ ಆ ಕೊಲ್ಲಿಯ ಮುತ್ತನ್ನೆಲ್ಲ ನಮ್ಮ ವರ್ತಕರು ಬಸ್ರಾ ಮುತ್ತೆಂದೇ ಕರೆದರು. ಇನ್ನೊಂದು ಆಕರ ತೆಂಕಣದ್ದು, ಮನ್ನಾರ್ ಖಾರಿಯ ತೂತ್ತುಕುಡಿ. ಅಲ್ಲಿಯ ಮುತ್ತಿನ ಬೇಟೆ ಕಡೆಯ ಸಲ ನಡೆದದ್ದು ೧೯೬೧ರಲ್ಲಿ. ನಮ್ಮ ಕಡೆಯ ಹುಡುಗರು ಇಂದು ಕೆಲಸ ಹುಡುಕಿಕೊಂಡು ಅದೇ ಕೊಲ್ಲಿಯ ಊರುಗಳಿಗೆ ಹೋಗುತ್ತಾರೆ. ಬಹ್ರೈನಿನಲ್ಲಿರುವ ಭಾವನವರ ಮಗ ಫೋನಿನಲ್ಲಿ ಹೇಳಿದ, ಅಲ್ಲಿ ಕೃಷಿಮುತ್ತಿನ ವ್ಯಾಪಾರವನ್ನೇ ಸರಕಾರ ನಿಷೇಧಿಸಿದೆ ಎಂದು. ಆ ಮಾತು ಅವನು ಹೇಳಿದಾಗ ಯಾರಿಗೂ ಅದರ ಅರ್ಥ ಮನಸ್ಸಿಗೆ ನಾಟಲಿಲ್ಲ.

ಮಂಗಳೂರಿನ ಒಂದು ಆಭರಣದ ಅಂಗಡಿಗೆ ಒಯ್ದು ತೋರಿಸಿದರು. ಅಂಗಡಿಯವರು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟು, ನತ್ತಿನ ಚಿನ್ನಕ್ಕೆ ಬೆಲೆ ಹೇಳಿ, “ಮುತ್ತಿನ ತೂಕ ಕಳೆಯುತ್ತೇವೆ ಸಾರ್” ಎಂದರು. ಕಳೆಯುವುದು! ಚಿನ್ನ ಕೊಳ್ಳುವವನ ಲೆಕ್ಕದಲ್ಲಿ ಮುತ್ತು, ಅರಗು, ಮಣ್ಣು ಎಲ್ಲ ಒಂದೇ, ಕಳೆಯತಕ್ಕ ತೂಕ. ಸರವನ್ನು ಕೈಯಲ್ಲಿ ಹಿಡಿದು ನೋಡಿ, ಬೇಕಾದರೆ ಇಂಥದ್ದೇ ಹೊಸ ಸರ ಒಳ್ಳೆಯ ಪೆಟ್ಟಿಗೆಯೊಂದಿಗೆ ಕೆಲವೇ ಸಾವಿರಕ್ಕೆ ಕೊಡುತ್ತೇವೆ ಎಂದರಂತೆ. ಆಗ ಭಾವನವರಿಗೆ ನನ್ನ ನೆನಪಾಯಿತು. ಹಳೆಯ ಗ್ರಂಥ ಓದುವವನಲ್ಲವೆ, ರತ್ನಪರೀಕ್ಷೆ ಗೊತ್ತಿರಬೇಕು ಎಂಬುದು ಅವರ ಎಣಿಕೆ. ಪಾಲಿನ ಮಾತಿನಲ್ಲಿ ಅಳಿಯನಿಗೆ ಬಾಯಿ ಇರಬಾರದೆಂಬುದು ನನ್ನ ಮತ. ಆದರೆ ಮುತ್ತಿನ ಮಾತಿನಲ್ಲಿ ಇರಬಹುದೆಂದು ಹೇಳಿ ನನ್ನನ್ನು ಕರೆಸಿಕೊಂಡರು.

ರತ್ನಪರೀಕ್ಷೆಯ ಗ್ರಂಥಗಳಿಗೇನೂ ನಮ್ಮಲ್ಲಿ ಕಡಿಮೆಯಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು ೧೯೦೯ರಲ್ಲಿ ಅಚ್ಚಾಯಿತಷ್ಟೆ. ಅದರಲ್ಲಿ ಅರಸನ ಬೊಕ್ಕಸಕ್ಕೆ ಸೇರತಕ್ಕ ಮುತ್ತು ಯಾವುದು, ಸೇರತಕ್ಕದ್ದಲ್ಲದ್ದು ಯಾವುದು ಎಂದು ಒಂದು ಪಟ್ಟಿಯೇ ಇದೆ. ದಪ್ಪಗೆ, ದುಂಡಗೆ, ಇಟ್ಟಲ್ಲಿ ನಿಲ್ಲದೆ ಉರುಳುವಂತೆ, ಹೊಳೆಯುವಂತೆ, ಬೆಳ್ಳಗೆ, ಭಾರವಾಗಿ, ನುಣುಪಾಗಿ, ತಕ್ಕ ಜಾಗದಲ್ಲಿ ತೂತು ಬಿದ್ದದ್ದಾಗಿ ಇದ್ದರೆ ಒಳ್ಳೆಯದು. ಬೇಳೆಯಂತಿದ್ದರೆ, ಆಮೆಯಂತಿದ್ದರೆ, ಅರ್ಧಚಂದ್ರನಂತಿದ್ದರೆ, ಎರಡು ಅಂಟಿಕೊಂಡಿದ್ದರೆ, ತೂತು ಓರೆಯಾಗಿದ್ದರೆ ಕೆಟ್ಟದ್ದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಬೊಕ್ಕಸದ ಮಾತಿನೊಂದಿಗೆ ರತ್ನಗಳ ಮಾತನ್ನೂ ಎತ್ತಿದ್ದಾನೆ. ಗರುಡಪುರಾಣ ಇನ್ನೂ ಜಾಣತನದ್ದು. ಸಿಂಹಳದವರು ಕೃತಕ ಮುತ್ತು ಮಾಡುತ್ತಾರೆ, ಜೋಕೆ ಎಂದು ಎಚ್ಚರಿಸಿ, ಸಂಶಯದ ಮುತ್ತನ್ನು ಉಪ್ಪು ಎಣ್ಣೆ ಬೆರೆತ ಬಿಸಿನೀರಿನಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಬಟ್ಟೆಯಲ್ಲಿ ಕಟ್ಟಿ ಭತ್ತದೊಡನೆ ಉಜ್ಜು, ಕಾಂತಿ ಕೆಡದಿದ್ದರೆ ಅಸಲು ಎನ್ನುತ್ತದೆ. ಪರೀಕ್ಷೆಗೆ ನಾದಿನಿ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಬೆಲೆಯ ವಿಷಯದಲ್ಲಿ ನನ್ನನ್ನು ಬೆರಗುಗೊಳಿಸಿದವನು ವರಾಹಮಿಹಿರ. ೬ನೆಯ ಶತಮಾನದ ಆ ಜೋಯಿಸರು ಬೃಹತ್ಸಂಹಿತೆಯಲ್ಲಿ ಮುತ್ತಿನ ದರಪಟ್ಟಿಯನ್ನೇ ಕೊಟ್ಟಿದ್ದಾರೆ. ೪ ಮಾಷಕ ತೂಕದ ಒಳ್ಳೆಯ ಮುತ್ತಿಗೆ ೫೩೦೦ ಕಾರ್ಷಾಪಣ. ೩ ಮಾಷಕದ್ದಕ್ಕೆ ೨೦೦೦. ೨ ಮಾಷಕದ್ದಕ್ಕೆ ೮೦೦. ೧ ಮಾಷಕದ್ದಕ್ಕೆ ೧೩೫. ಓದುಗರು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದೊಂದು ಮಾಷಕದ ನಾಲ್ಕು ಮುತ್ತು ಕೊಂಡರೆ ೫೪೦ ಸಾಕು. ಅಷ್ಟೇ ತೂಕದ ಒಂದೇ ಮುತ್ತಿಗೆ ಅದರ ಹತ್ತರಷ್ಟು! ಮುಂಬಯಿಯ ಮುತ್ತಿನ ವರ್ತಕರ ಲೆಕ್ಕವೂ, ಯುರೋಪಿನವರ ಲೆಕ್ಕವೂ ಇದೇ ದಾರಿಯದು. ಅವರು ತೂಕವನ್ನು ತೂಕದಿಂದಲೇ ಗುಣಿಸುತ್ತಾರೆ. ಒಂದು ಕ್ಯಾರಟ್ಟಿಗೆ ನಾಲ್ಕು ಗ್ರೇನ್. ೨ ಗ್ರೇನಿನ ಮುತ್ತಾದರೆ ಎರಡೆರಡಲ ನಾಲ್ಕು, ೪ ಗ್ರೇನಿನದಾದರೆ ನಾಲ್ಕು ನಾಲ್ಕಲ ಹದಿನಾರು. ಆ ಅಂಕಿಯನ್ನು ಮುತ್ತಿನ ಅಂದಕ್ಕೆ ತಕ್ಕ ಮೂಲದರದಿಂದ ಗುಣಿಸಿದರೆ ಬೆಲೆ. ದೊಡ್ಡ ಮುತ್ತು ಬೆಳೆಯಬೇಕಾದರೆ ಚಿಪ್ಪಿನ ಪ್ರಾಣಿ ವರ್ಷಾನುಗಟ್ಟಲೆ ಹುಳ, ಮೀನು, ಮುಳುಗುಗಾರ ಎಲ್ಲರಿಂದಲೂ ತಪ್ಪಿಸಿಕೊಂಡು ಬದುಕಿರಬೇಕು, ಅಂಥದು ಅಪರೂಪ. ಲೆಕ್ಕದ ಗುಟ್ಟು ಅಷ್ಟೇ.

ಇದನ್ನು ಕೇಳಿ ಭಾವನವರ ಮುಖ ಬಾಡಿತು. ಅವರ ಯೋಜನೆ ಸರಳವಾಗಿತ್ತು. ಸರವನ್ನು ಬಿಚ್ಚಿ ಮೂರು ಪಾಲು ತೂಗುವುದು, ಉಳಿದೊಂದನ್ನು ದೇವರಿಗೆ ಕೊಡುವುದು. ತೂಕ ಸಮವಾದರೂ ಬೆಲೆ ಸಮವಾಗದು, ನಡುವಿನ ನಾಲ್ಕೈದು ಮುತ್ತು ಯಾರ ಪಾಲಿಗೆ ಬಿದ್ದೀತೋ ಅವರಿಗೆ ಹೆಚ್ಚು ಹೋಗುತ್ತದೆ, ಸಾಲದ್ದಕ್ಕೆ ಬಿಚ್ಚಿದ ಸರದ ಬೆಲೆ ಕೂಡಿದ ಸರದ ಬೆಲೆಗಿಂತ ಕಡಿಮೆ, ಏಕೆಂದರೆ ಒಂದೇ ಬಣ್ಣದ ಒಂದೇ ನೀರಿನ ಮೂವತ್ತೇಳನ್ನು ಜೊತೆ ಕೂಡಿಸಲು ವರ್ತಕನಿಗೆ ವರ್ಷಗಳೇ ಹಿಡಿದಿರುತ್ತವೆ, ಎಂದೆ. “ಹಾಗಾದರೆ ಇದು ಪಾಲಾಗುವ ವಸ್ತುವೇ ಅಲ್ಲವೋ ಭಾವ?” ಎಂದು ಕೇಳಿದರು. ನಾದಿನಿ ಒಳಗಿನಿಂದ ನಮ್ಮ ಮನೆಮಾತಿನಲ್ಲಿ, “ಎನಗೆ ಆ ಸರ ಒಂದು ಸಾಕು” ಎಂದಳು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಬೆಲೆ ಎಷ್ಟೆಂದು ತಿಳಿಯದೆ ‘ಸಾಕು’ ಎನ್ನುವುದಕ್ಕೂ ‘ಕೊಡುತ್ತೇನೆ’ ಎನ್ನುವುದಕ್ಕೂ ಅರ್ಥವಿಲ್ಲವಷ್ಟೆ.

ಆದರೆ ಅಸಲು ಹೌದೋ ಅಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಹಲ್ಲಿಗೆ ಉಜ್ಜಿ ನೋಡುವ ಪರೀಕ್ಷೆ ಊರಿನಲ್ಲೆಲ್ಲ ಪ್ರಸಿದ್ಧ: ಗರಗರ ಎಂದರೆ ಅಸಲು, ಜಾರಿದರೆ ಗಾಜು. ಭಾವನವರು ಉಜ್ಜಿ ನೋಡಿದರು. ಗರಗರ ಎಂದಿತು. ಗಾಜಿನ ಮುತ್ತಲ್ಲ ಎಂಬಷ್ಟು ಮಾತ್ರ ಅದರಿಂದ ತಿಳಿಯುತ್ತದೆ. ಕಡಲಲ್ಲಿ ತಾನಾಗಿ ಬೆಳೆದದ್ದೋ ಮನುಷ್ಯ ಬೆಳೆಸಿದ್ದೋ ಎಂಬುದನ್ನು ಹಲ್ಲು ಹೇಳಲಾರದು. ಇಲ್ಲಿ ಆ ಬೆಳೆಸಿದ ಮುತ್ತಿನ ಕಥೆಯನ್ನು ಸ್ವಲ್ಪ ಹೇಳಬೇಕು. ಜಪಾನಿನ ಮಿಕಿಮೋಟೋ ಎಂಬವರು ೧೮೯೩ರಲ್ಲಿ ಚಿಪ್ಪಿನ ಪ್ರಾಣಿಯ ಒಳಗೆ ಚೂರೊಂದನ್ನು ಇಟ್ಟು ಅರೆಮುತ್ತು ಬೆಳೆಸಿದರು. ಪೂರ್ತಿ ದುಂಡನೆಯದನ್ನು ಬೆಳೆಸುವ ಉಪಾಯವೂ ಮುಂದೆ ಆ ದೇಶದಲ್ಲಿಯೇ ಕೈಗೂಡಿ, ೧೯೨೦ರ ದಶಕದಲ್ಲಿ ಅವು ಪೇಟೆಗೆ ನುಗ್ಗಿದವು. ಚಿಪ್ಪಿನಿಂದಲೇ ಕಡೆದ ಒಂದು ದುಂಡು ಮಣಿಯನ್ನು ಒಳಗೆ ಸೇರಿಸುವುದು, ಪ್ರಾಣಿ ಅದರ ಸುತ್ತ ಮುತ್ತಿನ ಪದರ ಹೊದಿಸುವುದು, ಇಷ್ಟೇ ಕೃಷಿ. ಹೊರಗೆ ಮುತ್ತು, ಒಳಗೆ ಮಣಿ. ಹೊರಗಿನ ಪದರವೇನೋ ನಿಜವಾದದ್ದೇ. ಆದ್ದರಿಂದ ಕಣ್ಣಿಗೆ ವ್ಯತ್ಯಾಸ ಕಾಣದು.

ಇದರಿಂದ ಹಳೆಯ ಮುತ್ತಿನ ಬೆಲೆಗೆ ಆದ ಗತಿಗೆ ಒಂದೇ ಉದಾಹರಣೆ ಸಾಕು. ೧೯೧೭ರಲ್ಲಿ ನ್ಯೂಯಾರ್ಕಿನ ಒಬ್ಬ ಶ್ರೀಮಂತರು ತಮ್ಮ ಬಂಗಲೆಯನ್ನು ಕಾರ್ಟಿಯೇ ಎಂಬ ಆಭರಣದ ಸಂಸ್ಥೆಗೆ ಕೊಟ್ಟು, ಬದಲಿಗೆ ಹೆಂಡತಿಗಾಗಿ ಹತ್ತು ಲಕ್ಷ ಡಾಲರ್ ಬೆಲೆಯ ಎರಡೆಳೆ ಮುತ್ತಿನ ಸರವನ್ನೂ ಮೇಲೆ ನೂರು ಡಾಲರನ್ನೂ ಪಡೆದರು. ೧೯೫೭ರಲ್ಲಿ ಆ ಸರ ಹರಾಜಾದಾಗ ಸಿಕ್ಕಿದ್ದು ಒಂದೂವರೆ ಲಕ್ಷ ಡಾಲರಿನ ಆಸುಪಾಸು. ಬಂಗಲೆ ಈಗಲೂ ಅಂಗಡಿಯಾಗಿ ನಿಂತಿದೆ. ಕೊಲ್ಲಿಯ ಮುಳುಗುಗಾರರ ಬಾಳು ಹಾಳಾಯಿತು. ೧೯೩೨ರಲ್ಲಿ ಬಹ್ರೈನಿನಲ್ಲಿ ಎಣ್ಣೆ ಸಿಗದಿದ್ದರೆ ಏನಾಗುತ್ತಿತ್ತೋ. ಕಾಲಚಕ್ರ ಮತ್ತೆ ತಿರುಗಿದೆ ಎಂಬುದೂ ನಿಜ. ಕಡಲಿನ ಸಹಜ ಮುತ್ತು ಇನ್ನು ಹೊಸದಾಗಿ ಬರುವುದು ಬಹಳ ಅಪರೂಪವಾದ್ದರಿಂದ ಹಳೆಯದಕ್ಕೆ ಬೆಲೆ ಏರಿದೆ. ಫ್ರಾನ್ಸಿನ ರಾಣಿ ಮರಿ ಆಂಟೊನೆಟ್ಟಳ ಒಂದು ಮುತ್ತಿನ ಪದಕ ೨೦೧೮ರಲ್ಲಿ ಜಿನೀವಾದ ಹರಾಜಿನಲ್ಲಿ ೩.೬ ಕೋಟಿ ಡಾಲರಿಗೆ ಹೋಯಿತು. ಬರೋಡಾ ಮಹಾರಾಜರ ಮುತ್ತುಗಳಿಗೆ ೨೦೦೭ರಲ್ಲಿ ೭೦ ಲಕ್ಷ ಡಾಲರಿಗೂ ಮೇಲೆ ಬಂದಿತ್ತು. ಈ ಅಂಕಿಗಳನ್ನು ನಾನು ಭಾವನವರ ಮುಂದೆ ಹೇಳಲಿಲ್ಲ. ಅವರ ಮಗ ಫೋನಿನಲ್ಲಿ ಹೇಳಿಬಿಟ್ಟ.

ಅಡಕೆಯನ್ನಾದರೆ ಕತ್ತರಿಸಿ ನೋಡಬಹುದು. ಮುತ್ತನ್ನು ಕತ್ತರಿಸಿದರೆ ಈರುಳ್ಳಿಯ ಹಾಗೆ ಸುತ್ತು ಸುತ್ತು ಪದರ ಕಂಡು ಅಸಲೆಂದು ಸ್ಪಷ್ಟವಾಗುತ್ತದೆ, ಮತ್ತು ಬೆಲೆ ಹೋಗುತ್ತದೆ. ಅದಕ್ಕೆಂದೇ ಲಂಡನ್ನಿನ ವಾಣಿಜ್ಯ ಮಂಡಲಿಯವರು ೧೯೨೫ರಲ್ಲಿ ಪ್ರಯೋಗಾಲಯ ತೆರೆದದ್ದು. ಮುತ್ತನ್ನು ಒಡೆಯದೆ ಒಳಗನ್ನು ನೋಡುವ ಉಪಾಯವಾಗಿ ಕ್ಷಕಿರಣ ಬಳಕೆಗೆ ಬಂದದ್ದೂ ಅದಕ್ಕೆಂದೇ. ವೈದ್ಯರು ಎಲುಬು ನೋಡುವ ಹಾಗೆ ಮುತ್ತಿನ ಎಕ್ಸ್‌ರೇ ತೆಗೆದರೆ ಕೃಷಿಮುತ್ತಿನ ಒಳಗಿನ ಮಣಿ ಬೇರೆಯಾಗಿ ಕಾಣುತ್ತದೆ. ಅಷ್ಟು ದೂರ ಹೋಗುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಕೆಲಸವೊಂದಿತ್ತು. ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮಿತ್ರರಿಂದ ಹತ್ತು ಪಟ್ಟಿನ ಮಸೂರ ತಂದು ಮುತ್ತಿನ ತೂತುಗಳನ್ನು ನೋಡಿದೆ. ಹಳೆಯ ಕಾಲದವರು ತೂತನ್ನು ಬಲು ಸಣ್ಣಗೆ, ಎರಡು ಕಡೆಯಿಂದ ಕೊರೆದು ನಡುವೆ ಕೂಡಿಸುತ್ತಿದ್ದರು. ತೂಕವೇ ಬೆಲೆಯಾದ ವಸ್ತುವಿನಲ್ಲಿ ಕೊರೆದ ಪುಡಿಯೂ ನಷ್ಟವೇ. ಸರದ ಮುತ್ತುಗಳ ತೂತು ಸೂಜಿಯ ಮೊನೆಯೂ ಕಷ್ಟದಿಂದ ಹೋಗುವಷ್ಟು ಸಣ್ಣದು. ಆದರೆ ನಟ್ಟ ನಡುವಿನ ಮೂರರ ತೂತು ಮಾತ್ರ ದೊಡ್ಡದಾಗಿ, ಒಂದೇ ಅಳತೆಯದಾಗಿ ಇತ್ತು. ತೂತಿನ ಬಾಯೊಳಗೆ ಮಸೂರ ಹಿಡಿದರೆ ಮೇಲಿನ ಪದರಕ್ಕೂ ಒಳಗಿಗೂ ನಡುವೆ ಕಪ್ಪು ಗೆರೆಯೊಂದು ಉಂಗುರದಂತೆ ಕಂಡಿತು. ಕಂಡದ್ದನ್ನು ನಾನು ಹೆಂಡತಿಗೆ ಮಾತ್ರ ಹೇಳಿದೆ.

ಈಗ ಆ ನಾಲ್ಕನೆಯದರ ವಿಚಾರ. ದೇವರಕೋಣೆಯ ತಟ್ಟೆಯಲ್ಲಿ ಸಾಲಿಗ್ರಾಮಗಳ ಜೊತೆಯಲ್ಲಿ, ಪಾರಿವಾಳದ ಮೊಟ್ಟೆಯನ್ನು ಕುಗ್ಗಿಸಿದಂತಿದ್ದ, ಹೊಳಪಿಲ್ಲದ, ಪಿಂಗಾಣಿಯಂತಹ ಒಂದು ಬಿಳಿಯ ಕಲ್ಲು ಇತ್ತು. ಮನೆಯವರು ಅದನ್ನು ಬಿಳಿ ಸಾಲಿಗ್ರಾಮ ಎನ್ನುತ್ತಿದ್ದರು. ಎಷ್ಟು ತಲೆಮಾರಿನ ಅಭಿಷೇಕ ಅದರ ಮೇಲೆ ಬಿದ್ದಿತ್ತೋ! ಮಸೂರ ಕೈಯಲ್ಲಿದ್ದವನಿಗೆ ಕಂಡದ್ದನ್ನೆಲ್ಲ ನೋಡುವ ಚಪಲ. ಅದನ್ನೂ ನೋಡಿದೆ. ಬಿಳುಪಿನ ಒಳಗೆ ಸಣ್ಣ ಸಣ್ಣ ಜ್ವಾಲೆಗಳಂತಹ ಗೆರೆಗಳು ಒತ್ತೊತ್ತಾಗಿ ಹೊಳೆದವು. ಕಲ್ಲಿನಲ್ಲಿ ಹಾಗಿರುವುದಿಲ್ಲ. ವರಾಹಮಿಹಿರನ ಇನ್ನೊಂದು ಮಾತು ನೆನಪಿಗೆ ಬಂತು.

ಮುತ್ತು ಎಂಟು ಕಡೆ ಹುಟ್ಟುತ್ತದೆ ಎನ್ನುತ್ತಾನೆ ಅವನು: ಆನೆ, ಹಾವು, ಚಿಪ್ಪು, ಶಂಖ, ಮೋಡ, ಬಿದಿರು, ತಿಮಿ ಎಂಬ ಮೀನು, ಹಂದಿ. ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗರು ನಗುತ್ತಾರೆ. ಆದರೆ ಪೂರ್ತಿ ನಗತಕ್ಕದ್ದಲ್ಲ. ಬಿದಿರಿನ ಗಿಣ್ಣಿನೊಳಗೆ ಗಟ್ಟಿಯಾಗುವ ಬಿಳಿಯ ವಸ್ತುವೊಂದುಂಟು. ನಮ್ಮ ವೈದ್ಯರು ಅದನ್ನು ವಂಶಲೋಚನ ಎಂದು ಮದ್ದಿಗೆ ಬಳಸುತ್ತಾರೆ. ಆನೆಯ ದಂತದ ಬುಡದ ಒಳಗೆ ದುಂಡಗಿನ ಗಂಟುಗಳು ಬೆಳೆಯುವುದುಂಟು. ಗಜಮುಕ್ತೆಯ ಹಿಂದೆ ಅಷ್ಟು ನಿಜವಿದ್ದೀತು. ಹಾವಿನದು ಮಾತ್ರ ಹಾವಾಡಿಗರ ಜೋಳಿಗೆಯಲ್ಲಿ ಹುಟ್ಟಿದ್ದು. ಇವನ ಪಟ್ಟಿಯಲ್ಲಿ ಇಲ್ಲದ, ನಮ್ಮ ತೋಟದವರಿಗೆ ಪ್ರಿಯವಾಗಬಹುದಾದ ಒಂದುಂಟು, ತೆಂಗಿನಕಾಯಿಯ ಮುತ್ತು. ೧೭ನೆಯ ಶತಮಾನದಲ್ಲಿ ಅಂಬೋಯಿನಾ ದ್ವೀಪದಲ್ಲಿದ್ದ ರಂಫಿಯಸ್ ಎಂಬ ಸಸ್ಯಶಾಸ್ತ್ರಜ್ಞ ಅದರ ವಿಷಯ ಬರೆದಿದ್ದಾನೆ. ಅದೂ ಕಡಲ ಚಿಪ್ಪಿನದೇ ಇರಬೇಕು, ಯಾರೋ ತೆಂಗಿನಕಾಯಿಯ ಹೆಸರು ಹೇಳಿ ಮಾರಿದ್ದು ಎಂದು ಬಲ್ಲವರ ಮತ. ಸ್ವಾತಿಯ ಮಳೆಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆ ಎಂಬ ಕವಿಸಮಯ ಎಲ್ಲರಿಗೂ ಗೊತ್ತು. ವಿಟ್ಲದ ಅಂಗಳದಲ್ಲಿ ಮೊದಲ ಕೊಯ್ಲಿನ ಅಡಕೆ ಹರಗಿದವನಿಗೆ ಸ್ವಾತಿಯ ಮಳೆಯಿಂದ ಬರುವುದು ಬೂಷ್ಟು ಮಾತ್ರ. ಎಂಟರಲ್ಲಿ ಚಿಪ್ಪಿನ ಜೊತೆಗೆ ಪೂರ್ತಿ ನಿಜವಾದ ಇನ್ನೊಂದು ಶಂಖದ್ದು. ನಾವು ಪೂಜೆಯಲ್ಲಿ ಊದುವ ಶಂಖ ಯಾವ ಪ್ರಾಣಿಯ ಮನೆಯೋ, ಆ ಪ್ರಾಣಿಯ ಮೈಯೊಳಗೂ ಎಲ್ಲೋ ಸಾವಿರದಲ್ಲೊಂದು ಬಾರಿ ಮುತ್ತು ಬೆಳೆಯುತ್ತದೆ. ಅದಕ್ಕೆ ಚಿಪ್ಪಿನ ಮುತ್ತಿನ ನೀರಿಲ್ಲ. ಪಿಂಗಾಣಿಯ ನುಣುಪು ಮಾತ್ರ, ಒಳಗೆ ಆ ಜ್ವಾಲೆಯ ಗೆರೆ.

ಸರ, ನತ್ತು, ಒಂಟಿ, ಬಿಳಿ ಸಾಲಿಗ್ರಾಮ ನಾಲ್ಕನ್ನೂ ಮುಂಬಯಿಯ ಒಂದು ಪ್ರಯೋಗಾಲಯಕ್ಕೆ ಒಯ್ದೆವು. ದೇವರ ತಟ್ಟೆಯಿಂದ ಎತ್ತುವಾಗ ಭಾವನವರು ಕೈಮುಗಿದು ಎತ್ತಿದರು. ಕೆಲವು ವಾರಗಳಾದ ಮೇಲೆ ವರದಿ ಬಂತು. ನತ್ತಿನದೂ ಒಂಟಿಯದೂ ಕಡಲಿನ ಸಹಜ ಮುತ್ತು. ದೇವರ ತಟ್ಟೆಯದು ಶಂಖಜಾತಿಯ ಪ್ರಾಣಿಯ ಸಹಜ ಮುತ್ತು. ಸರದಲ್ಲಿ ೩೪ ಸಹಜ, ನಡುವಿನ ೩ ಕೃಷಿಯವು. ಬೆಲೆ? ಅದನ್ನು ಪ್ರಯೋಗಾಲಯದವರು ಹೇಳುವುದಿಲ್ಲ. ವಸ್ತು ಏನೆಂದು ಹೇಳುವುದಷ್ಟೇ ಅವರ ಧರ್ಮ. ಬೆಲೆ ಹೇಳುವವರು ವರ್ತಕರು. ಇಬ್ಬರನ್ನು ಕೇಳಿದೆವು, ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ಮೂರರಷ್ಟು ಅಂತರ. ಶಂಖದ ಮುತ್ತಿಗೆ ಕೊಳ್ಳುವವರು ಕಡಿಮೆ, ಅದರಲ್ಲೂ ಕೇಸರಿ ಗುಲಾಬಿಗಳ ಛಾಯೆ ಇದ್ದರೆ ಮಾತ್ರ ಆಸೆ, ಬಿಳಿಯದಕ್ಕೆ ಅಷ್ಟಿಲ್ಲ ಎಂದರು. ಇಬ್ಬರೂ ಒಪ್ಪಿದ ಒಂದೇ ಮಾತೆಂದರೆ, ನಡುವಿನ ಮೂರು ಅಸಲಾಗಿದ್ದರೆ ಸರದ ಬೆಲೆ ಬೇರೆಯೇ ಆಗುತ್ತಿತ್ತು ಎಂಬುದು.

ಅಲ್ಲಿಂದ ಮನೆಯ ಗಾಳಿ ಬದಲಾಯಿತು. ದೊಡ್ಡ ಮೂರೇ ಹೇಗೆ ಬದಲಾದವು? ಯಾವಾಗ? ಯಾರೂ ಯಾರನ್ನೂ ಏನೂ ಅನ್ನಲಿಲ್ಲ. ಊಟದ ಹೊತ್ತಿನಲ್ಲಿ ಭಾವನವರು, ತಟ್ಟೆಯನ್ನು ನೋಡುತ್ತ, “ಕರಡಿಗೆಯ ಬೀಗದಕೈ ಯಾರ ಹತ್ತಿರ ಇರುತ್ತಿತ್ತು?” ಎಂದು ಕೇಳಿದರು, ಅಷ್ಟೆ. ಹನ್ನೊಂದು ವರ್ಷ ಅದು ಯಾರ ಸೆರಗಿನಲ್ಲಿತ್ತು ಎಂಬುದು ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ನಾದಿನಿ ಮಜ್ಜಿಗೆ ಬಡಿಸಿ ಒಳಗೆ ಹೋದಳು. ಆ ಮೇಲೆ ಮೂರು ತಿಂಗಳು ಅಣ್ಣತಂಗಿಯರ ನಡುವೆ ಅಗತ್ಯದ ಮಾತು ಮಾತ್ರ ನಡೆಯಿತು. ಕ್ಷಕಿರಣ ಮುತ್ತಿನ ಒಳಗನ್ನು ತೋರಿಸಬಲ್ಲದು. ಅದನ್ನು ಬದಲಿಸಿದ ಕೈ ಯಾರದು, ವರ್ಷ ಯಾವುದು ಎಂದು ಹೇಳುವ ಯಂತ್ರ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ.

ನನ್ನ ಹೆಂಡತಿಗೆ ಹೊಳೆದದ್ದು, ಮನೆಗೆ ಒಡವೆ ಮಾಡುತ್ತಿದ್ದ ಆಚಾರ್ಯರ ಹೆಸರು. ಎಂಬತ್ತು ದಾಟಿ, ಕುಲುಮೆ ಬಿಟ್ಟು, ವಿಟ್ಲದ ಹತ್ತಿರ ಮಗನ ಮನೆಯ ಜಗಲಿಯಲ್ಲಿ ಕುಳಿತಿರುತ್ತಿದ್ದರು. ಕಣ್ಣು ಮಂದ. ಸರವನ್ನು ಕೈಗೆ ಕೊಟ್ಟೆವು. ಬೆರಳಿನಲ್ಲಿ ಒಂದೊಂದಾಗಿ ಸರಿಸುತ್ತ ಬಂದು ನಡುವಿಗೆ ತಲುಪಿ ನಿಂತರು. “ಇದು ನಾನೇ ಹಾಕಿದ್ದು” ಎಂದರು. ಭಾವನವರು ಮುಂದೆ ಬಾಗಿ, “ಯಾವಾಗ ಆಚಾರ್ರೆ?” ಎಂದರು.

“ನೀವು ಮೈಸೂರಿಗೆ ಇಂಜಿನಿಯರಿಂಗ್ ಓದಲಿಕ್ಕೆ ಹೋದ ವರ್ಷ. ಆ ಮಳೆಗಾಲ ಕೊಳೆರೋಗ ಬಂದು ತೋಟವೆಲ್ಲ ಉದುರಿತ್ತಲ್ಲ. ಅಮ್ಮ ಒಬ್ಬರೇ ಬಂದಿದ್ದರು. ದೊಡ್ಡದು ಮೂರು ತೆಗೆಯಿರಿ, ಅದರಷ್ಟೇ ದಪ್ಪದ್ದು ಬೇರೆ ಹಾಕಿ ಅಂದರು. ಮಂಗಳೂರಿನ ಸೇಟು ಒಬ್ಬರು ಕೊಂಡರು. ಹೊಸದೂ ಅವರೇ ಕೊಟ್ಟದ್ದು. ಮನೆಯಲ್ಲಿ ಹೇಳಬಾರದು ಅಂತ ಅಮ್ಮ ಹೇಳಿದ್ದರು.” ಸ್ವಲ್ಪ ತಡೆದು, “ಈಗ ಹೇಳಬಹುದಲ್ಲ” ಎಂದರು.

ಭಾವನವರು ಓದು ಮುಗಿಸಿದ ಮರುವರ್ಷವೇ ಮಾವನವರು ತೀರಿಕೊಂಡರು. ಹಾಗಾಗಿ ಇಂಜಿನಿಯರರಾಗಿ ಅವರು ಒಂದು ತಿಂಗಳೂ ಎಲ್ಲಿಯೂ ಕೆಲಸ ಮಾಡಲಿಲ್ಲ, ತೋಟಕ್ಕೆ ಹಿಂದಿರುಗಿದರು. ಆ ಡಿಗ್ರಿಯಿಂದ ಆದ ಉಪಯೋಗ ಪಂಪುಸೆಟ್ಟಿನ ರಿಪೇರಿ ಎಂದು ಅವರೇ ತಮಾಷೆ ಮಾಡುವುದುಂಟು. ಆ ದಿನ ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಮನೆಗೆ ಬಂದು ಸರವನ್ನು ನಾದಿನಿಯ ಕೈಯಲ್ಲಿ ಕೊಟ್ಟು, ಆಚಾರ್ಯರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿ, ತೋಟದ ಕಡೆಗೆ ಹೋದರು.

ಪಾಲು ಮುಂದಿನ ವಾರ ಮುಗಿಯಿತು. ಚಿನ್ನದಲ್ಲಿ ನಾದಿನಿಯ ಪಾಲನ್ನು ನನ್ನ ಹೆಂಡತಿಯೂ ಭಾವನವರೂ ಹಂಚಿಕೊಂಡರು, ಸರ ನಾದಿನಿಗೆ. ಇಬ್ಬರು ವರ್ತಕರ ಬೆಲೆಗಳಲ್ಲಿ ಯಾವುದನ್ನು ಹಿಡಿದು ಲೆಕ್ಕ ಮಾಡಿದಿರಿ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಒಂಟಿ ಬಹ್ರೈನಿನ ಹುಡುಗನಿಗೆಂದು ಇಟ್ಟರು, ಹಾಕಿಕೊಳ್ಳುತ್ತಾನೋ ಇಲ್ಲವೋ. ನತ್ತು ನಮ್ಮ ಮನೆಗೆ ಬಂತು. ಶಂಖದ ಮುತ್ತು ದೇವರ ತಟ್ಟೆಗೆ ಮರಳಿತು. ಪ್ರಾಣಿಯ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಪೂಜೆಗೆ ಇಡಬಹುದೇ ಎಂದು ಪುರೋಹಿತರನ್ನು ಕೇಳಿದಾಗ, ಶಂಖವನ್ನು ಇಟ್ಟಿಲ್ಲವೇ ಎಂದು ಅವರೇ ಮರುಪ್ರಶ್ನೆ ಹಾಕಿದರು. ಪಂಚಾಮೃತ ಮಾತ್ರ ಬೇಡ ಎಂದು ನಾನು ಹೇಳಿದೆ. ಮುತ್ತೆಂದರೆ ಸುಣ್ಣದ ಸತ್ವ. ಮೊಸರಿನ ಹುಳಿ ಅದನ್ನು ದಿನದಿನಕ್ಕೆ ತಿನ್ನುತ್ತದೆ. ಸರವನ್ನೂ ಚಿನ್ನದಂತೆ ಹುಣಿಸೆಹುಳಿಯಲ್ಲಿ ತಿಕ್ಕಬಾರದು, ಸೆಂಟು ಸೋಕಿಸಬಾರದು, ಹಾಕಿ ತೆಗೆದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರಸಿ ಇಡಬೇಕು, ವರ್ಷಗಟ್ಟಲೆ ಬೀಗ ಹಾಕಿಡುವುದಕ್ಕಿಂತ ಹಾಕಿಕೊಳ್ಳುವುದೇ ಮೇಲು ಎಂದು ನಾದಿನಿಗೂ ಹೇಳಿದೆ. ಅವಳು ತಲೆಯಾಡಿಸಿದಳು.

ದಾರ ಹಳೆಯದಾಗಿದ್ದರಿಂದ ಹೊಸದಾಗಿ ಪೋಣಿಸಬೇಕಾಗಿತ್ತು. ಮಂಗಳೂರಿನಲ್ಲಿ ಆ ಕೆಲಸ ಮಾಡುವವರೊಬ್ಬರ ಹತ್ತಿರ ಭಾವನವರೂ ನಾನೂ ಹೋದೆವು. ಅವರು ಕತ್ತರಿಯಿಂದ ಹಳೆಯ ದಾರ ಕತ್ತರಿಸಿ, ಮುತ್ತುಗಳನ್ನು ಮಖಮಲ್ಲಿನ ಹಲಗೆಯ ಮೇಲೆ ಗಾತ್ರದ ವರಸೆಯಲ್ಲಿ ಇಟ್ಟು, ಮಸೂರದಲ್ಲಿ ನೋಡಿ, ನಡುವಿನ ಮೂರನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. “ಇವು ಬೇರೆ ಜಾತಿ ಸಾರ್. ಇವನ್ನು ಬಿಟ್ಟು ಪೋಣಿಸಿದರೆ ಸರ ಪೂರಾ ಅಸಲಾಗುತ್ತದೆ. ಮುಂದೆ ಮಾರುವುದಾದರೂ ಒಳ್ಳೆಯದು” ಎಂದರು.

ಭಾವನವರು ಆ ಮೂರನ್ನು ಒಂದೊಂದಾಗಿ ಎತ್ತಿ ಹಲಗೆಯ ನಡುವಿಗೆ, ಮೊದಲಿದ್ದ ಜಾಗಕ್ಕೆ ಇಟ್ಟರು. “ಮೂವತ್ತೇಳನ್ನೂ ಪೋಣಿಸಿ” ಎಂದರು. ಅವರು ರೇಷ್ಮೆದಾರದ ತುದಿಯನ್ನು ಹೊಸೆದು ಮೊದಲನೆಯ ಮುತ್ತನ್ನು ತೆಗೆದುಕೊಂಡರು.